ಕಹಿಯೂ ಒಂದು ರುಚಿಯೇ

ಮದ್ಯವನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯಹೊರಟವನನ್ನು ವಾಚಕರು ಸಂದೇಹದಿಂದ ನೋಡಿದರೆ ತಪ್ಪಿಲ್ಲ. ಕುಡಿತದ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ನನ್ನ ಮಾತು ರುಚಿಯನ್ನು ಕುರಿತದ್ದು.

ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಒಂದು ಚಳಿಗಾಲದ ಸಂಜೆ ಗೆಳೆಯರೊಬ್ಬರು ನನ್ನ ಮುಂದೆ ಕಪ್ಪು ಬಿಯರಿನ ಬಟ್ಟಲೊಂದನ್ನು ಇಟ್ಟರು. ಹೆಸರು 'ಶೋಕೊವೇಸಾ'. ಆ ಸೀಮೆಯ 'ಸ್ಟೋನ್' ಎಂಬ ಬಿಯರ್ ತಯಾರಕರು 2014ರಲ್ಲಿ ಮೊದಲು ಹೊರತಂದ ಸ್ಟೌಟ್ ಅದು. ಮೆಕ್ಸಿಕೋದ ಬಿಸಿ ಚಾಕೊಲೇಟನ್ನು ಮಾದರಿಯಾಗಿಟ್ಟುಕೊಂಡು ಕೋಕೋ, ಕಾಫಿ, ಮೆಣಸಿನಕಾಯಿ, ದಾಲ್ಚಿನ್ನಿ, ಜಾಯಿಕಾಯಿ, ವೆನಿಲ್ಲಾಗಳನ್ನು ಅದಕ್ಕೆ ಕೂಡಿಸಿದ್ದರು. ಮದ್ಯಸಾರ ಶೇಕಡಾ 8.1. ಮೂಗಿಗೆ ಮೊದಲು ಬಂದದ್ದು ದಾಲ್ಚಿನ್ನಿಯ ಕಂಪು. ನಾಲಗೆಗೆ ನಯವಾದ ಸಿಹಿ. ಅದರ ಬೆನ್ನಿಗೇ ಹುರಿದ ಧಾನ್ಯದ ಕಹಿ. ನುಂಗಿದ ಮೇಲೆ ಗಂಟಲಿನಲ್ಲಿ ಮೆಣಸಿನಕಾಯಿಯ ಸಣ್ಣ ಬಿಸುಪು.

ಜೊತೆಗಿದ್ದ ಹಿರಿಯರೊಬ್ಬರು, "ಬಿಯರಿಗೆ ಚಾಕೊಲೇಟು, ಮೇಲೆ ಖಾರ! ಇದೆಂಥ ಹುಚ್ಚು?" ಎಂದರು. ನನಗೆ ಹಾಗೆ ತೋರಲಿಲ್ಲ. ಸ್ಟೌಟ್ ಎಂದರೆ ಮೂಲದಲ್ಲಿ ಬಲವಾದ ಬಿಯರು ಎಂದೇ ಅರ್ಥ. ಹದಿನೆಂಟನೆಯ ಶತಮಾನದ ಲಂಡನ್ನಿನ 'ಪೋರ್ಟರ್' ಬಿಯರಿನ ವಂಶ ಅದರದು. ಮೊಳಕೆಯೊಡೆಸಿದ ಬಾರ್ಲಿಯನ್ನು ಉರುಳುವ ಪೀಪಾಯಿಯಲ್ಲಿ ಕಪ್ಪಾಗುವಂತೆ ಹುರಿಯುವ ವಿಧಾನಕ್ಕೆ ಡೇನಿಯಲ್ ವೀಲರ್ 1817ರಲ್ಲಿ ಪೇಟೆಂಟ್ ಪಡೆದನು. ಹಾಗೆ ಹುರಿದ ಧಾನ್ಯಕ್ಕೆ ಕಾಫಿ, ಕೋಕೋಗಳ ಕಂಪು ತಾನಾಗಿಯೇ ಬರುತ್ತದೆ. ಇತ್ತ ಕೋಕೋ ಕೂಡ ಹುಟ್ಟಿನಿಂದ ಮಿಠಾಯಿಯಲ್ಲ. ಮೆಕ್ಸಿಕೋದ ಆಸ್ಟೆಕ್ ಜನರು ಅದನ್ನು ಮೆಣಸಿನಕಾಯಿ, ವೆನಿಲ್ಲಾಗಳೊಡನೆ ಕಹಿಯಾದ ಪಾನೀಯವಾಗಿ ಕುಡಿಯುತ್ತಿದ್ದರು. ಸಕ್ಕರೆ ಜೊತೆಗೂಡಿದ್ದು ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಬಂದ ತರುವಾಯ. ಆದ್ದರಿಂದ ಈ ಬಟ್ಟಲಿನಲ್ಲಿ ಹೊಸಬನೆಂದರೆ ಸಿಹಿಯೇ ಹೊರತು ಖಾರವಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಅಮೆರಿಕದ ಮಣ್ಣಿನಿಂದಲೇ ಬಂದವರಲ್ಲವೆ?

ಭರತಮುನಿಯು ರಸವನ್ನು ವಿವರಿಸುವಾಗ ಅಡಿಗೆಯ ದೃಷ್ಟಾಂತವನ್ನೇ ಕೊಡುತ್ತಾನೆ: ಬೆಲ್ಲ, ವ್ಯಂಜನ, ಮೂಲಿಕೆಗಳ ಸಂಯೋಗದಿಂದ ರುಚಿ ನಿಷ್ಪನ್ನವಾಗುವಂತೆ ಭಾವಗಳ ಸಂಯೋಗದಿಂದ ರಸ. ಸಂಯೋಗವೆಂದರೆ ಒಂದು ಇನ್ನೊಂದನ್ನು ಮುಳುಗಿಸುವುದಲ್ಲ. ಚಾಕೊಲೇಟಿನ ಹೆಸರಿನಲ್ಲಿ ಸಿಹಿಯನ್ನೇ ಸುರಿದ ಸ್ಟೌಟುಗಳನ್ನೂ ನಾನು ಸವಿದಿದ್ದೇನೆ. ಕಹಿಯ ಆಸರೆ ತಪ್ಪಿದಾಗ ಸಾಂಬಾರ ಪದಾರ್ಥಗಳೆಲ್ಲ ಬರಿಯ ಒಡವೆಗಳಾಗುತ್ತವೆ. ಕ್ಷೇಮೇಂದ್ರನು ಬಯಸಿದ ಔಚಿತ್ಯ ಅಲ್ಲಿಲ್ಲ.

ಇದು ಬಟ್ಟಲಿಗಷ್ಟೇ ಸಲ್ಲುವ ಮಾತಲ್ಲ. ಪಾಠವನ್ನು ಸುಲಭಮಾಡುವ ಭರದಲ್ಲಿ ಅದರ ಕಠಿನ ಭಾಗವನ್ನೇ ಕೈಬಿಡುವ ಉಪಾಧ್ಯಾಯರು, ದುಃಖಾಂತವನ್ನು ಒಲ್ಲದ ಓದುಗರು ಮಾಡುವುದೂ ಕಹಿಯನ್ನು ಕಳೆಯುವ ಕೆಲಸವನ್ನೇ. ಸಿಹಿಯೊಂದನ್ನೇ ಬಲ್ಲ ನಾಲಗೆ ಕ್ರಮೇಣ ಸಿಹಿಯನ್ನೂ ಅರಿಯದಾಗುತ್ತದೆ.

ಬಟ್ಟಲು ಬರಿದಾದಾಗ ಗೆಳೆಯರು ಮಿಠಾಯಿಯ ತಟ್ಟೆಯನ್ನು ಮುಂದೆ ನೂಕಿದರು. ನಾನು ಬೇಡವೆಂದೆ. ನಾಲಗೆಯ ಮೇಲಿನ ಆ ಕಹಿ ಇನ್ನಷ್ಟು ಹೊತ್ತು ಇರಲೆಂದು ನನಗೆ ಆಸೆಯಾಗಿತ್ತು.