ತೂಕವೂ ಹಿರಿಮೆಯೂ

ಮುಷ್ಟಿಯುದ್ಧದಲ್ಲಿ ಎಲ್ಲರಿಗಿಂತ ಹಿರಿಯನು ಯಾರು? ನಮ್ಮ ವಿದ್ಯಾರ್ಥಿನಿಲಯದಲ್ಲಿ ಊಟವಾದ ಮೇಲೆ ಆಗಾಗ ಏಳುವ ಪ್ರಶ್ನೆಯಿದು. ಮಿತ್ರರಲ್ಲಿ ಹೆಚ್ಚಿನವರು ಮಹಮ್ಮದ್ ಅಲಿಯ ಹೆಸರನ್ನೋ ಮೈಕ್ ಟೈಸನ್ನನ ಹೆಸರನ್ನೋ ಹೇಳುತ್ತಾರೆ. ಇಬ್ಬರೂ ಅತಿಭಾರದ ವರ್ಗದವರು. ಚಿಕ್ಕ ಮೈಯವನೊಬ್ಬನ ಹೆಸರನ್ನು ಎತ್ತಿದರೆ, "ಅಲಿಯ ಮುಂದೆ ಅವನು ಒಂದು ನಿಮಿಷ ನಿಂತಾನೆಯೆ?" ಎಂದು ನಗುತ್ತಾರೆ.

ನಿಲ್ಲಲಾರನು, ನಿಜ. ತೂಕದ ವರ್ಗಗಳನ್ನು ಮಾಡಿರುವುದೇ ಅದಕ್ಕಾಗಿ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಆಡಿಸುವಾಗ ವರ್ಗಗಳನ್ನು ಒಪ್ಪಿಕೊಂಡು, ಹಿರಿಮೆಯನ್ನು ಅಳೆಯುವಾಗ ಅವನ್ನು ಮರೆಯುವುದು ಯಾವ ನ್ಯಾಯ?

ಭಾರ ಎತ್ತುವ ಸ್ಪರ್ಧೆಯಲ್ಲಿ ಈ ತೊಡಕನ್ನು ಗಣಿತದಿಂದ ಬಿಡಿಸಿದ್ದಾರೆ. ಎತ್ತಿದ ಭಾರವನ್ನು ಮೈತೂಕಕ್ಕೆ ತಕ್ಕ ಸಿಂಕ್ಲೇರ್ ಗುಣಾಂಕದಿಂದ ಗುಣಿಸಿದರೆ ಚಿಕ್ಕವನನ್ನೂ ದೊಡ್ಡವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಹುದು. ಆದರೆ ಕಬ್ಬಿಣ ತಿರುಗಿ ಹೊಡೆಯುವುದಿಲ್ಲ. ಮುಷ್ಟಿಮಲ್ಲನ ಎದುರಾಳಿ ಹೊಡೆಯುತ್ತಾನೆ. ಇಲ್ಲಿ ಸೂತ್ರ ಸಾಲದು, ವಿವೇಚನೆ ಬೇಕು.

ನನ್ನ ಮಟ್ಟಿಗೆ ಕೇಳಬೇಕಾದವು ಎರಡೇ ಪ್ರಶ್ನೆಗಳು. ತನ್ನ ತೂಕದಲ್ಲಿ ಅವನು ಎಂಥವರನ್ನು ಸೋಲಿಸಿದನು? ತನಗಿಂತ ಭಾರವಾದವರ ಮೇಲೆ ಹೋದಾಗ ಏನು ಮಾಡಿದನು?

ಎರಡನೆಯದರಲ್ಲಿ ಏರಿದ ವರ್ಗಗಳನ್ನು ಮಾತ್ರ ಎಣಿಸಿದರೆ ಮೋಸಹೋಗುತ್ತೇವೆ. ಹಿಂದೆ ಎಂಟೇ ವರ್ಗಗಳಿದ್ದವು. ವೃತ್ತಿಪರ ಪಂದ್ಯಗಳಲ್ಲಿ ಈಗ ಕನಿಷ್ಠ ೧೭ ಇವೆ. ಮ್ಯಾನಿ ಪ್ಯಾಕಿಯಾವೊ ಎಂಟು ವರ್ಗಗಳಲ್ಲಿ ಕಿರೀಟ ಧರಿಸಿದನೆಂಬುದಕ್ಕಿಂತ, ೧೯೯೮ರಲ್ಲಿ ೧೧೨ ಪೌಂಡಿನ ವರ್ಗದಲ್ಲಿ ಗೆದ್ದವನು ೨೦೧೦ರಲ್ಲಿ ೧೫೪ ಪೌಂಡಿನ ವರ್ಗದಲ್ಲಿಯೂ ಗೆದ್ದನೆಂಬುದು ದೊಡ್ಡ ಮಾತು. ಅತಿಭಾರದವನಿಗಾದರೋ ಏರಲು ಮೇಲೆ ವರ್ಗವೇ ಇಲ್ಲ. ಏರಲಿಲ್ಲವೆಂದು ಅವನನ್ನು ಹಳಿಯುವುದೂ ಸಲ್ಲದು.

ಸೋಲನ್ನೂ ತೂಗಿ ನೋಡಬೇಕು. ೧೯೫೨ರ ಜೂನ್ ತಿಂಗಳಲ್ಲಿ ಷುಗರ್ ರೇ ರಾಬಿನ್ಸನ್ನನು ತನಗಿಂತ ಸುಮಾರು ೧೫ ಪೌಂಡು ಭಾರವಾಗಿದ್ದ ಜೋಯಿ ಮ್ಯಾಕ್ಸಿಮ್ಮನನ್ನು ನ್ಯೂಯಾರ್ಕಿನಲ್ಲಿ ಎದುರಿಸಿದನು. ಅಂಕಗಳಲ್ಲಿ ಮುಂದಿದ್ದನು. ಆದರೆ ಅಂದಿನ ಸೆಕೆಗೆ ತೀರ್ಪುಗಾರನೇ ನಡುವೆ ಕಣ ಬಿಟ್ಟು ಹೋಗಬೇಕಾಯಿತು. ೧೪ನೆಯ ಸುತ್ತಿಗೆ ರಾಬಿನ್ಸನ್ನನೂ ಏಳಲಾರದೆ ಹೋದನು. ಲೆಕ್ಕದ ಪುಸ್ತಕದಲ್ಲಿ ಅದು ಬರಿಯ ಸೋಲು. ನನ್ನ ಲೆಕ್ಕದಲ್ಲಿ ಅದು ಅನೇಕರ ಗೆಲುವಿಗಿಂತ ಮೇಲು.

ನಮ್ಮ ದೇಶದ ಮೇರಿ ಕೋಮ್ ಅವರಿಗೂ ಈ ಮಾತು ಸಲ್ಲುತ್ತದೆ. ಅವರು ೪೬ ಮತ್ತು ೪೮ ಕಿಲೋ ವರ್ಗಗಳಲ್ಲಿ ವಿಶ್ವವಿಜೇತೆಯಾಗಿದ್ದವರು. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಇದ್ದ ಅತ್ಯಂತ ಹಗುರ ವರ್ಗವೇ ೫೧ ಕಿಲೋ. ಅಲ್ಲಿ ಅವರು ಕಂಚು ತಂದರು. ಪದಕದ ಬಣ್ಣವನ್ನಷ್ಟೇ ನೋಡಿದವರು ಆ ಮೂರು ಕಿಲೋಗಳನ್ನು ನೋಡಲಿಲ್ಲ.

ಹಾಗಾದರೆ ಮೊದಲಿಗನು ಯಾರು? ನಾನು ಹೆನ್ರಿ ಆರ್ಮ್‌ಸ್ಟ್ರಾಂಗನ ಹೆಸರನ್ನು ಹೇಳುತ್ತೇನೆ. ೧೯೩೭ರ ಅಕ್ಟೋಬರಿನಲ್ಲಿ ೧೨೬ ಪೌಂಡಿನ ಕಿರೀಟ, ೧೯೩೮ರ ಮೇ ತಿಂಗಳಲ್ಲಿ ೧೪೭ರದು, ಆಗಸ್ಟಿನಲ್ಲಿ ೧೩೫ರದು. ಮೂರನ್ನೂ ಒಂದೇ ಕಾಲಕ್ಕೆ ಧರಿಸಿದ್ದನು, ಅದೂ ಎಂಟೇ ವರ್ಗಗಳಿದ್ದ ದಿನಗಳಲ್ಲಿ.

ಮಿತ್ರರು ಒಪ್ಪದಿರಬಹುದು, ಚರ್ಚೆಗೆ ನಾನು ಸಿದ್ಧ. ನನ್ನ ಬೇಡಿಕೆ ಒಂದೇ: ಯಾರು ಯಾರನ್ನು ಕೆಡವಿಯಾರೆಂದು ಕೇಳುವ ಮೊದಲು, ದೇವರು ಕೊಟ್ಟ ಮೈಯಿಂದ ಯಾರು ಎಷ್ಟು ಸಾಧಿಸಿದರೆಂದು ಕೇಳೋಣ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.