ದೋಷ ತಂತಿಯ ತುದಿಯಲ್ಲಿ

ದೊಡ್ಡ ಆಸ್ಪತ್ರೆಯ ಎ.ಸಿ., ಪಂಪು, ದೀಪಗಳನ್ನೆಲ್ಲ ಒಂದೇ ಕಂಪ್ಯೂಟರಿನಿಂದ ನಿಯಂತ್ರಿಸಬಹುದು. ಆದರೆ ಒಮ್ಮೊಮ್ಮೆ ಇಡೀ ಮಹಡಿಯೇ ಪರದೆಯಿಂದ ಮಾಯವಾಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಮರಳುತ್ತದೆ. ತಪ್ಪು ಕಂಟ್ರೋಲರಿನದೆಂದು ಅದನ್ನೇ ಬದಲಿಸುತ್ತಾರೆ. ಹೊಸದೂ ಹಾಗೆಯೇ ಆಡುತ್ತದೆ.

ಇಂಥ ಕಂಟ್ರೋಲರುಗಳಲ್ಲಿ ಅನೇಕವು ಆರ್‌ಎಸ್-485 ಎಂಬ ಜೋಡಿತಂತಿಯ ಮೂಲಕ ಮಾತಾಡುತ್ತವೆ. ತಂತಿ ಒಂದರಿಂದ ಇನ್ನೊಂದಕ್ಕೆ ಮಾಲೆಯಂತೆ ಸಾಗಬೇಕು, ಕವಲೊಡೆಯಬಾರದು. ಎರಡೂ ತುದಿಗಳಲ್ಲಿ 120 ಓಮ್‌ನ ರೆಸಿಸ್ಟರ್ ಇರಬೇಕು. ಇಲ್ಲವಾದರೆ ಸಂಕೇತ ಬಾವಿಯೊಳಗಿನ ಕೂಗಿನಂತೆ ಮಾರ್ದನಿಸಿ, ಹಿಂದೆ ಬರುವ ಸಂಕೇತವನ್ನು ಕೆಡಿಸುತ್ತದೆ.

ಪರೀಕ್ಷೆ ಸುಲಭ. ಎಲ್ಲ ಕಂಟ್ರೋಲರುಗಳ ವಿದ್ಯುತ್ ತೆಗೆದು, ಎರಡು ತಂತಿಗಳ ನಡುವೆ ಮೀಟರ್ ಹಿಡಿದು ನೋಡಿ. ಸುಮಾರು 60 ಓಮ್ ತೋರಿದರೆ ಎರಡೂ ರೆಸಿಸ್ಟರುಗಳಿವೆ. 120 ತೋರಿದರೆ ಒಂದು ಇಲ್ಲ, ಅಥವಾ ನಡುವೆ ತಂತಿ ತುಂಡಾಗಿದೆ. 40 ಆದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರವಿದ್ದರೆ ತಂತಿಗಳು ಒಂದಕ್ಕೊಂದು ತಾಗಿವೆ.

ತಂತಿ ಸರಿಯಿದ್ದರೆ, ಎರಡು ಕಂಟ್ರೋಲರುಗಳಿಗೆ ಒಂದೇ ವಿಳಾಸಸಂಖ್ಯೆ ಬಿದ್ದಿದೆಯೇ ನೋಡಬೇಕು. ಪೆಟ್ಟಿಗೆ ಬದಲಿಸುವ ಮಾತು ಆಮೇಲೆ. ಶಸ್ತ್ರಚಿಕಿತ್ಸೆಯ ಕೋಣೆಯ ತಂಪು ಕೆಲವೇ ರೂಪಾಯಿಯ ರೆಸಿಸ್ಟರನ್ನು ನಂಬಿಕೊಂಡಿರಬಹುದು.