ನಾದಸಾಮ್ಯವು ನಂಟಸ್ತಿಕೆಯಲ್ಲ

ಕನ್ನಡದ ಶಬ್ದಗಳಿಗೆ ದೂರದೇಶಗಳ ಪ್ರಾಚೀನ ಭಾಷೆಗಳಲ್ಲಿ ಬಂಧುಗಳನ್ನು ಅರಸಿ ತರುವ ಉತ್ಸಾಹವು ನಮ್ಮಲ್ಲಿ ಹೊಸದಲ್ಲ. ಆ ಉತ್ಸಾಹದ ಮೂಲದಲ್ಲಿ ನುಡಿಯ ಮೇಲಣ ಅಭಿಮಾನವಿರುವುದರಿಂದ ಅದನ್ನು ತುಚ್ಛೀಕರಿಸುವುದು ಉಚಿತವಲ್ಲ. ಆದರೆ ಅಭಿಮಾನವು ಪರೀಕ್ಷೆಯನ್ನು ಒಲ್ಲೆನೆಂದಾಗ ಅದು ತಾನು ಪ್ರೀತಿಸುವ ವಸ್ತುವಿಗೇ ಅಪಚಾರವನ್ನೆಸಗುತ್ತದೆಂಬುದನ್ನು ಹೇಳದಿರುವುದೂ ಉಚಿತವಲ್ಲ. ‘ಊರು’ ಎಂಬ ನಮ್ಮ ಪುಟ್ಟ ಪದವನ್ನೇ ತೆಗೆದುಕೊಳ್ಳೋಣ. ಯೂಫ್ರೆಟೀಸ್ ನದಿಯ ಸೀಮೆಯಲ್ಲಿ ‘ಉರ್’ ಎಂಬ ಮಹಾನಗರವಿದ್ದಿತು, ಸುಮೇರಿಯದ ಜನರು ಪಟ್ಟಣವನ್ನು ‘ಉರು’ ಎನ್ನುತ್ತಿದ್ದರು, ಆದುದರಿಂದ ಅವರ ನುಡಿಯೂ ನಮ್ಮ ನುಡಿಯೂ ಒಂದೇ ಒಡಲಿನಿಂದ ಬಂದವು ಎಂಬ ವಾದವನ್ನು ಕೇಳದ ಕನ್ನಡಿಗರು ವಿರಳ. ಈ ವಾದವು ಎಷ್ಟು ಮನೋಹರವೋ ಅಷ್ಟೇ ದುರ್ಬಲ. ಎರಡು ಶಬ್ದಗಳು ಒಂದೇ ತೆರನಾಗಿ ಕೇಳಿಸುವುದು ಸಂಬಂಧಕ್ಕೆ ಪ್ರಮಾಣವಲ್ಲವೆಂಬುದನ್ನು ಈ ಒಂದು ಪದದ ದೃಷ್ಟಾಂತದಿಂದಲೇ ತಿಳಿಯಬಹುದು.

ದೂರ ಹೋಗುವುದಕ್ಕೆ ಮೊದಲು ನಮ್ಮ ಮನೆಯೊಳಗೆ ನೋಡುವುದು ಲೇಸು. ಇಂದಿನ ಕನ್ನಡದಲ್ಲಿ ‘ಊರು’ ಎಂಬ ಎರಡಕ್ಷರದ ಹಿಂದೆ ಒಂದಲ್ಲ, ಹಲವು ಶಬ್ದಗಳು ನಿಂತಿವೆ. ಜನರು ನೆಲೆಸಿರುವ ಎಡೆ ಎಂಬುದು ಒಂದು. ಕಾಲೂರು, ಬೇರೂರು ಎಂಬಲ್ಲಿ ನೆಲಕ್ಕೆ ಒತ್ತಿ ನಿಲ್ಲಿಸು ಎಂಬರ್ಥದ ಕ್ರಿಯಾಪದವು ಮತ್ತೊಂದು. ಬಾಯಲ್ಲಿ ನೀರೂರುತ್ತದೆ ಎನ್ನುವಾಗ ಒಸರು, ಜಿನುಗು ಎಂಬರ್ಥದ್ದು ಇನ್ನೊಂದು. ಹಳಗನ್ನಡದಲ್ಲಿ ಮೊದಲನೆಯದು ಸಾಮಾನ್ಯ ರೇಫವುಳ್ಳ ‘ಊರ್’ ಆಗಿದ್ದಿತು. ಉಳಿದೆರಡು ಶಕಟರೇಫವುಳ್ಳ ‘ಊಱು’ಗಳಾಗಿದ್ದುವು. ತಮಿಳಿನಲ್ಲಿ ನೆಡುವ ‘ಊನ್ಱು’ವೂ ಒಸರುವ ‘ಊಱು’ವೂ ಇಂದಿಗೂ ಬೇರೆಬೇರೆಯಾಗಿಯೇ ಇವೆ. ಹದಿಮೂರನೆಯ ಶತಮಾನದ ಕೇಶಿರಾಜನು ದೇಶೀಯಾಕ್ಷರಗಳಲ್ಲಿ ಎಣಿಸಿದ ಆ ಶಕಟರೇಫವು ಕಾಲಕ್ರಮದಲ್ಲಿ ನಮ್ಮ ನಾಲಗೆಯಿಂದಲೂ ಲಿಪಿಯಿಂದಲೂ ಜಾರಿಹೋದುದರಿಂದ, ಮೂರು ಕುಲಗಳ ಶಬ್ದಗಳು ಒಂದೇ ವೇಷವನ್ನು ಧರಿಸಿ ನಿಂತವು. ಮುದುಕರ ಕೈಯಲ್ಲಿರುವ ‘ಊರುಗೋಲು’ ಊರಿಗೆ ಸಂಬಂಧಿಸಿದುದಲ್ಲ. ಊರಿ ನಡೆಯುವ ಕೋಲು ಅದು. ಒಂದೇ ಭಾಷೆಯೊಳಗೆ, ಒಂದೇ ಕಾಗುಣಿತದಲ್ಲಿ, ಇಂತಹ ಮೋಸವು ಸಾಧ್ಯವಾದರೆ ಸಾವಿರಾರು ಮೈಲಿಗಳ ಮತ್ತು ಸಾವಿರಾರು ವರ್ಷಗಳ ಅಂತರವುಳ್ಳ ಭಾಷೆಗಳ ನಡುವೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಸಂಸ್ಕೃತದಿಂದ ಬಂದ ಊರುವೊಂದು ಬೇರೆಯೇ ಇದೆ. ಅದಕ್ಕೆ ತೊಡೆ ಎಂದರ್ಥ. ಭೀಮನ ಗದೆಯಿಂದ ದುರ್ಯೋಧನನ ತೊಡೆ ಮುರಿದ ಪ್ರಸಂಗವನ್ನು ಭಾಸನ ಹೆಸರಿನಲ್ಲಿ ಪ್ರಸಿದ್ಧವಾದ ನಾಟಕವು ‘ಊರುಭಂಗ’ವೆಂದು ಕರೆಯುತ್ತದೆ, ಅಲ್ಲಿ ಭಂಗವಾದುದು ಹಸ್ತಿನಾಪುರವಲ್ಲವೆಂಬುದು ಸರ್ವವಿದಿತ. ಹ್ರಸ್ವಾಕ್ಷರದ ‘ಉರು’ವಿಗೆ ಅದೇ ಭಾಷೆಯಲ್ಲಿ ವಿಶಾಲವೆಂಬ ಅರ್ಥವಿದ್ದು, ಮಹಾವಿಷ್ಣುವಿನ ‘ಉರುಕ್ರಮ’ ಎಂಬ ಬಿರುದಿನಲ್ಲಿ ಅದು ನಮಗೆ ಪರಿಚಿತವಾಗಿದೆ. ಇನ್ನು ಮೈಸೂರಿನ ಅರಸು ಮನೆತನಗಳ ಹೆಸರನ್ನೂ ದರ್ಗಾಗಳಲ್ಲಿ ನಡೆಯುವ ಉರುಸನ್ನೂ ಇಂಗ್ಲಿಷಿನಲ್ಲಿ ಬರೆಯುವಾಗ ಬಳಕೆಗೆ ಬಂದಿರುವ ಮೂರು ಅಕ್ಷರಗಳು ತೀರ ಒಂದೇ. ಆದರೆ ಒಂದು ರಾಜವಾಚಕ. ಮತ್ತೊಂದು ವಿವಾಹವೆಂಬರ್ಥದ ಅರಬ್ಬೀ ಪದ. ಸಂತನ ಮರಣವನ್ನು ಅವನು ಭಗವಂತನೊಡನೆ ಕೂಡಿದ ಮಂಗಳದಿನವೆಂದು ಭಾವಿಸುವ ಸೂಫೀ ಸಂಪ್ರದಾಯದ ಹಿರಿದಾದ ಕಲ್ಪನೆಯು ಆ ಪದದಲ್ಲಡಗಿದೆ.

ಯೂರೋಪಿನ ಕಡೆಗೆ ತಿರುಗಿದರೆ ಈ ಧ್ವನಿಯ ವೈವಿಧ್ಯವು ಇನ್ನೂ ವಿಸ್ಮಯಕರವಾಗಿ ಕಾಣುತ್ತದೆ. ಬಾಸ್ಕ್ ಜನರಿಗೆ ‘ಉರ್’ ಎಂದರೆ ನೀರು; ಐರಿಷ್ ನುಡಿಯಲ್ಲಿ ‘ಊರ್’ ಎಂದರೆ ಹೊಸತು, ತಾಜಾ; ಹಂಗೇರಿಯವರಿಗೆ ಒಡೆಯ, ಮಹಾಶಯ; ತುರ್ಕಿಯವರಿಗೆ ಮೈಮೇಲಣ ಗಂಟು. ಪ್ರಾಚೀನ ಇಂಗ್ಲಿಷಿನ ರೂನ್ ಲಿಪಿಯಲ್ಲಿ ಒಂದು ಅಕ್ಷರಕ್ಕೆ ‘ಊರ್’ ಎಂಬ ಹೆಸರಿದ್ದು, ಅದು ಈಗ ಭೂಮಿಯಿಂದ ಅಳಿದುಹೋಗಿರುವ ಮಹಾಕಾಯದ ಕಾಡುವೃಷಭವನ್ನು ಸೂಚಿಸುತ್ತಿದ್ದಿತು. ಅದೇ ಅಕ್ಷರದ ಅದೇ ಹೆಸರಿಗೆ ಐಸ್‌ಲೆಂಡಿನವರು ತುಂತುರುಮಳೆಯೆಂದು ಅರ್ಥಮಾಡಿದರು. ಜರ್ಮನ್ ಭಾಷೆಯಲ್ಲಿ ‘ಉರ್’ ಎಂಬ ಪೂರ್ವಪ್ರತ್ಯಯವು ಆದಿಮವೆಂಬ ಭಾವವನ್ನು ಕೊಡುತ್ತದೆ: ‘ಉರ್‌ವಾಲ್ಟ್’ ಎಂದರೆ ಆದಿಮಾರಣ್ಯ, ‘ಉರ್‌ಶ್ಪ್ರಾಖೆ’ ಎಂದರೆ ಮೂಲಭಾಷೆ. ಇದನ್ನು ಕಂಡು ಆದಿಮಾನವನ ಆದಿವಸತಿಯೇ ನಮ್ಮ ಊರು ಎಂದು ಹಿಗ್ಗುವವರು ಒಂದು ಸಂಗತಿಯನ್ನು ಗಮನಿಸಬೇಕು. ಈ ಪ್ರತ್ಯಯಕ್ಕೆ ಮೊದಲಿದ್ದ ಅರ್ಥವು ‘ಹೊರಗೆ’, ‘ಒಳಗಿನಿಂದ ಈಚೆಗೆ’ ಎಂಬುದು. ಅದರ ಅತಿಪ್ರಾಚೀನ ರೂಪದಲ್ಲಿ ರಕಾರವೇ ಇರಲಿಲ್ಲ. ಗಾಥಿಕ್ ನುಡಿಯಲ್ಲಿ ಅದು ‘ಉಸ್’ ಎಂದೇ ದೊರೆಯುತ್ತದೆ. ಹಿಂದಿನ ರೂಪವನ್ನು ತಲಪಿದೊಡನೆ ಸಾಮ್ಯವು ಕರಗಿಹೋಯಿತು.

ಜರ್ಮನರಲ್ಲಿಯೇ ದೀರ್ಘೋಚ್ಚಾರದ ಮತ್ತೊಂದು ‘ಊರ್’ ಇದೆ. ಅದರ ಅರ್ಥ ಗಡಿಯಾರ. ನಮ್ಮ ಊರಿಗೂ ಆ ಗಡಿಯಾರಕ್ಕೂ ಯಾವ ಬಾಂಧವ್ಯವೂ ಇಲ್ಲ. ಆದರೆ ನಮ್ಮಲ್ಲಿ ಅದಕ್ಕೆ ನಿಜವಾದ ಬಂಧುವೊಬ್ಬನಿದ್ದಾನೆ. ಅವನು ಕುಳಿತಿರುವುದು ಪಂಚಾಂಗದಲ್ಲಿ. ಗ್ರೀಕರ ‘ಹೋರಾ’ ಎಂಬ ಕಾಲವಾಚಕವು ಪಡುವಣಕ್ಕೆ ಸಾಗಿ ಲ್ಯಾಟಿನ್ನಿನ ಮಾರ್ಗವಾಗಿ ಜರ್ಮನರ ಗಡಿಯಾರವಾಯಿತು. ಮೂಡಣಕ್ಕೆ ಬಂದು ಜ್ಯೋತಿಷಿಗಳ ಹೋರಾಶಾಸ್ತ್ರವಾಯಿತು. ‘ಅಹೋರಾತ್ರ’ ಎಂಬುದರ ಮೊದಲಕ್ಷರವನ್ನೂ ಕೊನೆಯಕ್ಷರವನ್ನೂ ಬಿಟ್ಟರೆ ‘ಹೋರಾ’ ಆಗುತ್ತದೆಂಬ ಕೆಲವರ ಮತವನ್ನು ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹಜ್ಜಾತಕದಲ್ಲಿ ಉಲ್ಲೇಖಿಸಿದ್ದಾನೆ. ಪರದೇಶದ ಪದಕ್ಕೆ ಸ್ವದೇಶದ ಹುಟ್ಟನ್ನು ಕಲ್ಪಿಸುವ ಚಪಲವು ಅಷ್ಟು ಹಳೆಯದು. ಧ್ವನಿಯಲ್ಲಿ ಒಂದಾಗಿರುವ ಊರು ಮತ್ತು ‘ಊರ್’ ಪರಕೀಯರು. ಧ್ವನಿಯಲ್ಲಿ ಬೇರೆಯಾಗಿರುವ ‘ಹೋರಾ’ ಮತ್ತು ‘ಊರ್’ ಒಂದೇ ಮೂಲದವು. ಕಿವಿಯೊಂದನ್ನೇ ನ್ಯಾಯಾಧೀಶನನ್ನಾಗಿ ಮಾಡಿಕೊಂಡವನಿಗೆ ಈ ಎರಡು ತೀರ್ಪುಗಳೂ ತಪ್ಪಿಹೋಗುತ್ತವೆ.

ಈಗ ಸುಮೇರಿಯದ ಮಾತು. ದಕ್ಷಿಣ ಇರಾಕಿನ ತೆಲ್ ಎಲ್ ಮುಕಯ್ಯರ್ ಎಂಬ ದಿಬ್ಬವನ್ನು 1922ರಿಂದ 1934ರವರೆಗೆ ಲಿಯೊನಾರ್ಡ್ ವುಲಿಯವರು ಅಗೆಸಿ, ಆ ನಗರದ ಅರಸರ ಸಮಾಧಿಗಳನ್ನೂ ಅವುಗಳ ಅಪಾರವಾದ ಸುವರ್ಣವೈಭವವನ್ನೂ ಲೋಕಕ್ಕೆ ತೋರಿಸಿದಂದಿನಿಂದ ‘ಉರ್’ ಎಂಬ ಹೆಸರು ಜಗದ್ವಿಖ್ಯಾತವಾಯಿತು. ಆದರೆ ಸುಮೇರಿಯರು ಅದನ್ನು ‘ಉರಿಮ್’ ಎಂದು ಕರೆಯುತ್ತಿದ್ದರು. ಇದರ ನೆರೆಯ ‘ಉರುಕ್’ ಎಂಬ ಮಹಾಪಟ್ಟಣದ ಹೆಸರಿನಲ್ಲಿಯೂ ನಮ್ಮವರು ಊರನ್ನು ಕಾಣುತ್ತಾರೆ. ಅದು ಅಕ್ಕಾಡಿಯನ್ನರ ಉಚ್ಚಾರಣೆ, ಸುಮೇರಿಯರ ಬಾಯಲ್ಲಿ ಅದು ‘ಉನುಗ್’. ನಗರವಾಚಕವಾದ ಸುಮೇರಿಯನ್ ಪದವನ್ನು ವಿದ್ವಾಂಸರು ‘ಉರು’ ಎಂದೂ ‘ಇರಿ’ ಎಂದೂ ಓದುತ್ತಾರೆ. ಈ ಒಂದು ಪದವು ನಮ್ಮ ಊರಿಗೆ ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಸಮೀಪವಾಗಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ನ್ಯಾಯದಿಂದ ಬಾಸ್ಕ್ ಭಾಷೆಯನ್ನೂ ಬಳಗಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ. ಅಲ್ಲಿಯೂ ಪಟ್ಟಣಕ್ಕೆ ‘ಹಿರಿ’ ಎಂದೂ, ಒಂದು ಪ್ರಾಂತದಲ್ಲಿ ‘ಉರಿ’ ಎಂದೂ ಹೆಸರು. ಆ ಪದದ ಪ್ರಾಚೀನ ರೂಪವಾದರೋ ‘ಇಲಿ’. ಸ್ವರಗಳ ನಡುವಣ ಲಕಾರವು ರಕಾರವಾಗುವುದು ಆ ಭಾಷೆಯ ನಿಯಮ. ರೋಮನರ ಕಾಲದ ‘ಇಲಿಬೆರಿ’ ಎಂಬ ಸ್ಥಳನಾಮವನ್ನು ‘ಹೊಸೂರು’ ಎಂದು ಬಿಡಿಸುವುದು ಈ ನಿಯಮದ ಬಲದಿಂದಲೇ. ಮೂಲವನ್ನು ಮುಟ್ಟಿದೊಡನೆ ಇಲ್ಲಿಯೂ ರೇಫವು ಮಾಯವಾಯಿತು.

ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನು ಕಲ್ದೀಯರ ‘ಉರ್’ ಎಂಬಲ್ಲಿಂದ ಹೊರಟನೆಂದಿದೆ. ಹೀಬ್ರೂ ಭಾಷೆಯಲ್ಲಿ ‘ಉರ್’ ಎಂಬುದಕ್ಕೆ ಬೆಂಕಿ, ಜ್ವಾಲೆ ಎಂಬ ಅರ್ಥವೂ ಇರುವುದರಿಂದ, ಯೆಹೂದಿ ಸಂಪ್ರದಾಯದಲ್ಲಿ ಅಬ್ರಹಾಮನು ನಿಮ್ರೋದನ ಅಗ್ನಿಕುಂಡದಿಂದ ಸುರಕ್ಷಿತನಾಗಿ ಹೊರಬಂದನೆಂಬ ಭವ್ಯವಾದ ಕಥೆಯು ಅದಕ್ಕೆ ಹೆಣೆದುಕೊಂಡಿತು. ಕಥೆಯಾಗಿ ಅದರ ಮಹಿಮೆ ಕಿರಿದಲ್ಲ. ಭಕ್ತಿಯನ್ನು ಪೋಷಿಸುವ ಶಕ್ತಿ ಅದಕ್ಕಿದೆ. ಆದರೆ ನಗರದ ಹೆಸರಿಗೆ ಅದು ವ್ಯುತ್ಪತ್ತಿಯಾಗಲಾರದು.

ಇಂತಹ ಆಕಸ್ಮಿಕಗಳು ಏಕೆ ಇಷ್ಟು ಹೇರಳ? ಮನುಷ್ಯನ ಬಾಯಿ ಹುಟ್ಟಿಸಬಲ್ಲ ಧ್ವನಿಗಳು ಪರಿಮಿತ. ಲೋಕದಲ್ಲಿನ ಭಾಷೆಗಳು ಸಾವಿರಾರು. ಪದವು ಚಿಕ್ಕದಾದಷ್ಟೂ ಅದೇ ಧ್ವನಿಗಳು ಬೇರೊಂದೆಡೆ ಕೂಡಿಕೊಳ್ಳುವ ಸಂಭವವು ಹೆಚ್ಚು. ಒಂದು ಸ್ವರ, ಒಂದು ವ್ಯಂಜನ ಮಾತ್ರವುಳ್ಳ ಪದವು ಹಲವು ದೇಶಗಳಲ್ಲಿ ದೊರೆಯದಿದ್ದರೆ ಅದೇ ಆಶ್ಚರ್ಯ. ಅರ್ಥವೂ ಕೂಡಿಬರುವುದುಂಟು. ಆಸ್ಟ್ರೇಲಿಯದ ಮೂಲನಿವಾಸಿಗಳ ಎಂಬಾಬರಮ್ ಎಂಬ ನುಡಿಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಅದು ಇಂಗ್ಲಿಷಿನಿಂದ ಬಂದ ಪದವಲ್ಲ, ಆ ನುಡಿಗೂ ಇಂಗ್ಲಿಷಿಗೂ ನಂಟಿಲ್ಲ. ಪಾರಸಿಯ ‘ಬದ್’ ಎಂಬುದೂ ಇಂಗ್ಲಿಷಿನ ‘ಬ್ಯಾಡ್’ ಎಂಬುದೂ ಕೆಟ್ಟದ್ದೆಂಬ ಒಂದೇ ಅರ್ಥವುಳ್ಳವಾಗಿದ್ದರೂ ಅವುಗಳ ಮೂಲಗಳು ಬೇರೆಬೇರೆ.

ಹಾಗಾದರೆ ನಿಜವಾದ ಸಂಬಂಧವನ್ನು ಗುರುತಿಸುವ ಬಗೆ ಯಾವುದು? ನಿಯಮಬದ್ಧವಾದ ವ್ಯತ್ಯಾಸವೇ ಅದರ ಲಕ್ಷಣ. ತಮಿಳಿನ ಪಾಲ್, ಪುಲಿ, ಪಳ್ಳಿಗಳಿಗೆ ಪ್ರತಿಯಾಗಿ ಕನ್ನಡದಲ್ಲಿ ಹಾಲು, ಹುಲಿ, ಹಳ್ಳಿಗಳು ನಿಲ್ಲುತ್ತವೆ; ಪಕಾರವು ಹಕಾರವಾದುದು ಒಂದೆರಡು ಪದಗಳಲ್ಲಲ್ಲ, ಪಂಕ್ತಿಪಂಕ್ತಿಯಾಗಿ, ಮತ್ತು ಆ ಪರಿವರ್ತನೆಯ ಹಂತಗಳು ನಮ್ಮ ಶಾಸನಗಳಲ್ಲಿಯೇ ಕಣ್ಣಿಗೆ ಬೀಳುತ್ತವೆ. ಕನ್ನಡದ ಕಿವಿಗೆ ತಮಿಳು, ತೆಲುಗುಗಳಲ್ಲಿ ‘ಚೆವಿ’, ನಮ್ಮ ಕೆರೆಗೆ ತೆಲುಗಿನಲ್ಲಿ ‘ಚೆರುವು’. ಇಲ್ಲಿಯೂ ಕಕಾರ ಚಕಾರಗಳ ವಿನಿಮಯಕ್ಕೆ ಕಟ್ಟುಪಾಡುಂಟು. 1816ರಲ್ಲಿ ಫ್ರಾನ್ಸಿಸ್ ಎಲ್ಲಿಸರು ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮತಮ್ಮಲ್ಲಿ ಸೋದರಿಯರು ಎಂದು ತೋರಿಸಿದುದೂ, 1856ರಲ್ಲಿ ಕಾಲ್ಡ್‌ವೆಲ್ಲರು ಅದನ್ನು ವಿಸ್ತಾರವಾಗಿ ಸ್ಥಾಪಿಸಿದುದೂ, ಬರೋ ಮತ್ತು ಎಮೆನೋ ಅವರು 1961ರಲ್ಲಿ ದ್ರಾವಿಡ ಭಾಷೆಗಳ ಜ್ಞಾತಿಪದಕೋಶವನ್ನು ಪ್ರಕಟಿಸಿದುದೂ ಇಂತಹ ಪದಪಂಕ್ತಿಗಳ ಆಧಾರದಿಂದಲೇ ಹೊರತು ಒಂದು ಶಬ್ದದ ಮೋಹಕವಾದ ಪ್ರತಿಧ್ವನಿಯಿಂದಲ್ಲ. ಸಿಂಧೂಪ್ರದೇಶಕ್ಕೂ ಮೆಸೊಪೊಟೇಮಿಯಕ್ಕೂ ಸಮುದ್ರವ್ಯಾಪಾರವಿದ್ದಿತೆಂಬುದು ದೃಢಪಟ್ಟ ವಿಷಯವೇ. ವಣಿಜರೊಡನೆ ಪದಗಳೂ ಸಂಚರಿಸುತ್ತವೆ. ಆದರೆ ಸಂಪರ್ಕದ ಸಾಧ್ಯತೆಯೊಂದು, ಸಂಬಂಧದ ಸಿದ್ಧಿಯೊಂದು.

ಈ ಕಟ್ಟುನಿಟ್ಟಾದ ಪರೀಕ್ಷೆಯಿಂದ ನಮ್ಮ ಊರಿನ ಗೌರವಕ್ಕೆ ಕುಂದುಂಟಾಗುವುದೇ? ಎಂದಿಗೂ ಇಲ್ಲ. ಕನ್ನಡ, ತಮಿಳು, ತೆಲುಗು, ಮಲೆಯಾಳ, ತುಳು, ಕೊಡವ ನುಡಿಗಳಲ್ಲಿ ಈ ಪದವು ಸ್ವಂತ ಆಸ್ತಿಯಾಗಿ ನಿಂತಿದೆ. ಚೋಳರ ಶಾಸನಗಳಲ್ಲಿ ಬ್ರಹ್ಮದೇಯಗಳ ಆಡಳಿತಮಂಡಲಿಗೆ ‘ಸಭೆ’ಯೆಂದೂ ಉಳಿದ ಗ್ರಾಮಗಳ ಮಂಡಲಿಗೆ ‘ಊರ್’ ಎಂದೇ ಹೆಸರಿದ್ದುದನ್ನು ನೋಡಿದರೆ, ಊರೆಂದರೆ ಮನೆಗಳ ಸಮೂಹವಲ್ಲ, ಕೂಡಿ ನಿರ್ಣಯಿಸುವ ಜನಸಮುದಾಯವೆಂಬ ಅರ್ಥವು ಹೊಳೆಯುತ್ತದೆ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ನಮ್ಮ ಗಾದೆಯಲ್ಲಿಯೂ ಊರು ಜನವೇ. ಕರ್ನಾಟಕದ ವೀರಗಲ್ಲುಗಳು ‘ಊರಳಿವು’ ಎಂಬ ಮಾತಿನಿಂದ ಹಗೆಗಳು ಮೇಲೆ ಬಿದ್ದು ಊರನ್ನು ಹಾಳುಗೆಡಹಿದ ಸಂದರ್ಭಗಳನ್ನೂ, ಅಲ್ಲಿ ಕಾದಿ ಮಡಿದ ಹೆಸರಿಲ್ಲದ ಮನೆತನಗಳ ವೀರರನ್ನೂ ಸ್ಮರಿಸುತ್ತವೆ. ಪ್ರಾಣವನ್ನು ಕೊಟ್ಟು ಕಾಪಾಡಿದ ಪದಕ್ಕೆ ಪರದೇಶದ ಪಟ್ಟಣವೊಂದರ ಸಾಕ್ಷ್ಯಪತ್ರವು ಬೇಕಾಗಿಲ್ಲ.

ಸುಳ್ಳು ವ್ಯುತ್ಪತ್ತಿಯ ನಿಜವಾದ ಹಾನಿಯಿರುವುದು ಇಲ್ಲಿಯೇ: ಅದು ಇರುವ ಚರಿತ್ರೆಯನ್ನು ಮರೆಸುತ್ತದೆ. ಹಸಿದು ಬಂದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ಬೆಂಗಳೂರಿಗೆ ಆ ಹೆಸರಾಯಿತೆಂಬ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು; ಆದರೆ ಆ ದೊರೆಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಬೇಗೂರಿನ ಶಾಸನವು ಬೆಂಗಳೂರಿನ ಕಾಳಗವೊಂದನ್ನು ಹೆಸರಿಸಿರುವುದನ್ನು ಬಲ್ಲವರೆಷ್ಟು ಮಂದಿ? ಕಥೆಯನ್ನು ಕಥೆಯಾಗಿ ಹೇಳಲಿ. ಕಲ್ಲಿನ ಮಾತನ್ನೂ ಅದರ ಪಕ್ಕದಲ್ಲಿಯೇ ಹೇಳಲಿ.

2014ರ ನವೆಂಬರ್ 1ರಂದು ನಮ್ಮ ಸರ್ಕಾರವು ಹನ್ನೆರಡು ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಅಧಿಕೃತವಾಗಿ ತಿದ್ದಿತು. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಚಿಕ್ಕಮಗಳೂರುಗಳ ಕೊನೆಯಲ್ಲಿ ನಮ್ಮ ಊರು ಇಂಗ್ಲಿಷಿನ ಫಲಕಗಳ ಮೇಲೂ ಮರಳಿ ನಿಂತಿತು. ಅದು ಸ್ತುತ್ಯವಾದ ಕಾರ್ಯ, ಆದರೆ ಅರ್ಧಕಾರ್ಯ. ಹೆಸರಿನ ಅಕ್ಷರವನ್ನು ಶುದ್ಧಗೊಳಿಸಿದವರು ಅದರ ಚರಿತ್ರೆಯನ್ನೂ ಜನರ ಕೈಗೆ ಕೊಡಬೇಕು. ಅದಕ್ಕೆ ಬೇಕಾದ ಸಾಮಗ್ರಿಯು ನಮ್ಮಲ್ಲಿ ಸಿದ್ಧವಾಗಿದೆ. ಬಿ. ಎಲ್. ರೈಸರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳು ಜಿಲ್ಲೆ ತಾಲ್ಲೂಕುಗಳ ಕ್ರಮದಲ್ಲಿ ಮುದ್ರಿತವಾಗಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳ ಹಳೆಯ ಪ್ರಯೋಗಗಳನ್ನು ಉದಾಹರಿಸಿ ತೋರಿಸುತ್ತದೆ. ಪ್ರೌಢಶಾಲೆಯ ಕನ್ನಡದ ಅಧ್ಯಾಪಕರು ವರ್ಷಕ್ಕೊಮ್ಮೆ ತಮ್ಮ ತಾಲ್ಲೂಕಿನ ಸಂಪುಟವನ್ನು ತೆರೆಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹೆಸರಿನ ಅತ್ಯಂತ ಹಳೆಯ ದಾಖಲೆಯನ್ನು ಹುಡುಕಿ ಬರೆಯುವಂತೆ ಮಾಡಲಿ. ಪತ್ರಿಕೆಗಳು ಶಬ್ದಮೂಲವನ್ನು ಕುರಿತ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ಲೇಖಕನಿಂದ ಮೂರು ಉತ್ತರಗಳನ್ನು ಅಪೇಕ್ಷಿಸಲಿ: ಪದದ ಅತಿಪ್ರಾಚೀನ ರೂಪವೇನು, ಅದರಂತೆಯೇ ವರ್ತಿಸುವ ಇತರ ಪದಗಳಾವುವು, ಎರಡು ಜನಾಂಗಗಳು ಕೂಡಿದುದಕ್ಕೆ ಆಧಾರವೇನು? ಈ ಮೂರಕ್ಕೂ ಉತ್ತರ ಕೊಡಬಲ್ಲ ವಾದವು ಎಷ್ಟೇ ನವೀನವಾಗಿದ್ದರೂ ಸ್ವಾಗತಾರ್ಹ. ಕೊಡಲಾರದುದು ಎಷ್ಟೇ ಹಿತವಾಗಿದ್ದರೂ ಅಗ್ರಾಹ್ಯ. ಕನ್ನಡವನ್ನು ಹಿರಿದೆಂದು ಕೊಂಡಾಡುವುದಕ್ಕಿಂತ ಅದನ್ನು ಸರಿಯಾಗಿ ಅರಿಯುವುದು ಕಷ್ಟಸಾಧ್ಯವಾದ ಸೇವೆ. ಆ ಸೇವೆಯನ್ನೇ ನಮ್ಮ ಕಾಲವು ನಮ್ಮಿಂದ ಬೇಡುತ್ತಿದೆ.